ಒಂದೇ ಜಾಲತಾಣ, ಮೂರು ಲೆಕ್ಕ

ಕೆಜಿಎಫ್ ಮತ್ತು ಬಂಗಾರಪೇಟೆಯ ಸುದ್ದಿ ಕೊಡುವ ಒಂದು ಸಣ್ಣ ಜಾಲತಾಣವಿದೆ ಎಂದಿಟ್ಟುಕೊಳ್ಳೋಣ. ತಿಂಗಳ ಕೊನೆಗೆ ಅದರ ಮಾಲೀಕರು ಮೂರು ಕಡೆ ಲೆಕ್ಕ ನೋಡುತ್ತಾರೆ. ತಾಣವನ್ನಿಟ್ಟಿರುವ ಸರ್ವರ್ 60 ಸಾವಿರ ಭೇಟಿ ಎನ್ನುತ್ತದೆ. ಗೂಗಲ್ ಅನಾಲಿಟಿಕ್ಸ್ 22 ಸಾವಿರ ಎನ್ನುತ್ತದೆ. ಹೊರಗಿನಿಂದ ಅಂದಾಜು ಮಾಡುವ ಕಂಪನಿಯ ಪುಟದಲ್ಲಿ ತಾಣದ ಬಗ್ಗೆ ಮಾಹಿತಿಯೇ ಇರುವುದಿಲ್ಲ. ಈ ಅಂಕಿಗಳು ಉದಾಹರಣೆಗೆಂದು ಕೊಟ್ಟವು, ಆದರೆ ಇಷ್ಟು ದೊಡ್ಡ ಅಂತರವೇನೂ ಅಪರೂಪವಲ್ಲ. ಜಾಹೀರಾತು ಕೊಡಲು ಬಂದ ಅಂಗಡಿಯವರು ಯಾವುದನ್ನು ನಂಬಬೇಕು? ಸಾಮಾನ್ಯವಾಗಿ ಜನ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಯಾರೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಯಾವುದೋ ಯಂತ್ರ ಕೆಟ್ಟಿದೆ. ಎರಡೂ ತೀರ್ಮಾನಗಳು ಬಹುಪಾಲು ಸಂದರ್ಭಗಳಲ್ಲಿ ತಪ್ಪು. ಮೂರು ಯಂತ್ರಗಳೂ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಮೂರು ಅಂಕಿ ಬರುತ್ತವೆ, ಏಕೆಂದರೆ ಮೂರೂ ಎಣಿಸುತ್ತಿರುವ ವಸ್ತುವೇ ಬೇರೆ. ಹಿಂದೆ ಎಲ್ಲೋ ಒಂದು ‘ನಿಜವಾದ’ ಅಂಕಿ ಅಡಗಿದೆ, ಒಳ್ಳೆಯ ಸಾಧನ ಸಿಕ್ಕರೆ ಅದು ಹೊರಬರುತ್ತದೆ ಎಂಬ ನಂಬಿಕೆಯನ್ನು ಬಿಡದೆ ಈ ಗೊಂದಲ ಬಗೆಹರಿಯುವುದಿಲ್ಲ.

ಎಣಿಸುವುದು ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ಕೆಜಿಎಫ್ ನೆಲದೊಳಗೇ ಜಗತ್ತಿಗೆ ಗೊತ್ತಿರುವ ಒಂದು ಸಾಕ್ಷ್ಯವಿದೆ. 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ವಿಶ್ವಕಿರಣಗಳನ್ನು ಎಣಿಸುವ ಉಪಕರಣಗಳನ್ನು ಅಲ್ಲಿನ ಚಿನ್ನದ ಗಣಿಯೊಳಗೆ ಇಳಿಸಿದರು. ಆಕಾಶದಿಂದ ಬೀಳುವ ಮ್ಯೂಆನ್ ಎಂಬ ಕಣಗಳು ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಸಿಗುತ್ತವೆ. ಆಳಕ್ಕೆ ಇಳಿದಷ್ಟೂ ಮೇಲಿನ ಬಂಡೆ ಅವನ್ನು ತಡೆಯುತ್ತದೆ. 1960ರ ಸುಮಾರಿಗೆ ತೀರಾ ಆಳದ ಮಟ್ಟದಲ್ಲಿ ಉಪಕರಣ ಇಟ್ಟಾಗ ವಾರಗಟ್ಟಲೆ ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಅಷ್ಟು ನಿಶ್ಶಬ್ದವಾದ ಜಾಗವಾದ್ದರಿಂದಲೇ ಬಂಡೆಯನ್ನೂ ದಾಟಿ ಬರುವ ನ್ಯೂಟ್ರಿನೊ ಎಂಬ ಕಣಗಳನ್ನು ಹುಡುಕಲು ಅದು ತಕ್ಕ ಜಾಗವೆನಿಸಿತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ ಬಳಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದ ನ್ಯೂಟ್ರಿನೊಗಳ ಗುರುತನ್ನು ಮೊದಲ ಬಾರಿಗೆ ಪತ್ತೆ ಮಾಡಿತು. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಅದೇ ಹೊತ್ತಿಗೆ ಅದನ್ನು ಕಂಡಿತ್ತು. ಕೆಜಿಎಫ್ ತಂಡ ನೆಟ್ಟಗೆ ಮೇಲಿನಿಂದ ಬಂದ ಕಣಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವು ಬಂಡೆಯನ್ನು ತೂರಿ ಬಂದ ಮಾಮೂಲು ಮ್ಯೂಆನ್ ಆಗಿರಬಹುದಿತ್ತು. ಅಡ್ಡಲಾಗಿ ಬಂದವನ್ನು ಮಾತ್ರ ನ್ಯೂಟ್ರಿನೊಗಳ ಗುರುತೆಂದು ಹಿಡಿದರು. ಅಷ್ಟು ದೂರದ ಬಂಡೆಯನ್ನು ಮ್ಯೂಆನ್ ದಾಟಿ ಬರಲಾರದು. ಎಂದರೆ ಅವರ ಎಣಿಕೆ ಶುರುವಾದದ್ದು ಏನನ್ನು ಎಣಿಸಬಾರದು ಎಂಬ ನಿರ್ಧಾರದಿಂದ. ಜಾಲತಾಣದ ಅಂಕಿಗಳಲ್ಲಿ ನಮಗೆ ಕಾಣದೆ ಉಳಿಯುವುದು ಈ ನಿರ್ಧಾರವೇ.

ಸರ್ವರಿನಿಂದ ಆರಂಭಿಸೋಣ. ಯಾರು ಯಾವ ಪುಟ ಕೇಳಿದರೂ ಸರ್ವರ್ ಒಂದು ಸಾಲು ಬರೆದಿಡುತ್ತದೆ. ಈ ದಾಖಲೆಯೇ ಲಾಗ್. ಅದಕ್ಕೆ ಮನುಷ್ಯ, ಯಂತ್ರ ಎಂಬ ಭೇದವಿಲ್ಲ. ಗೂಗಲ್, ಬಿಂಗ್‌ನಂಥ ಹುಡುಕು ಯಂತ್ರಗಳು ಕಳಿಸುವ ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶಗಳು ದಿನವೂ ಬಂದು ಪುಟಗಳನ್ನು ಓದಿಕೊಂಡು ಹೋಗುತ್ತವೆ. ಕಳೆದ ಕೆಲವು ವರ್ಷಗಳಿಂದ ಕೃತಕ ಬುದ್ಧಿಮತ್ತೆಯ ಕಂಪನಿಗಳ ಬಾಟ್‌ಗಳೂ ಸೇರಿಕೊಂಡಿವೆ. ಭದ್ರತಾ ಕಂಪನಿ ಇಂಪರ್ವಾ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2024ರಲ್ಲಿ ಅದು ಗಮನಿಸಿದ ಇಂಟರ್ನೆಟ್ ಓಡಾಟದಲ್ಲಿ 51% ಯಂತ್ರಗಳದು. ಬಾಟ್ ತಡೆಯುವ ಸೇವೆ ಮಾರುವ ಕಂಪನಿಯ ಅಂಕಿ ಅದು, ತನ್ನ ಗ್ರಾಹಕರ ತಾಣಗಳಲ್ಲಿ ಕಂಡದ್ದನ್ನಷ್ಟೇ ಅದು ಹೇಳುತ್ತದೆ. ಹಾಗಿದ್ದರೂ ಯಂತ್ರಗಳ ಪಾಲು ಕಡೆಗಣಿಸುವಷ್ಟು ಸಣ್ಣದಲ್ಲ ಎಂಬುದಂತೂ ಖಚಿತ. ನಮ್ಮ ಕಡೆ ಸುದ್ದಿ ಹರಡುವುದೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಯಾರಾದರೂ ಲಿಂಕ್ ಹಾಕಿದಾಗ ಜೊತೆಗೆ ಶೀರ್ಷಿಕೆ, ಚಿತ್ರ ಮೂಡುತ್ತವಲ್ಲ, ಅವನ್ನು ತರಲು ಆ್ಯಪ್ ಒಮ್ಮೆ ಸರ್ವರಿಗೆ ಹೋಗಿ ಬಂದಿರುತ್ತದೆ. ಇನ್ನೂ ಯಾರೊಬ್ಬರೂ ಸುದ್ದಿ ಓದಿಲ್ಲ, ಲಾಗಿನಲ್ಲಿ ಆಗಲೇ ಒಂದು ಸಾಲು ಬಿದ್ದಿದೆ. ಇನ್ನೊಂದು ಕಡೆ, ಪುಟದ ಪ್ರತಿಯೊಂದು ಓದುಗನ ಬ್ರೌಸರಿನಲ್ಲೋ ನಡುವಿನ ಕ್ಯಾಶೆ ಎಂಬ ತಾತ್ಕಾಲಿಕ ಸಂಗ್ರಹದಲ್ಲೋ ಉಳಿದಿದ್ದರೆ ಎರಡನೇ ಸಲ ಓದಿದ್ದು ಸರ್ವರಿಗೆ ತಿಳಿಯುವುದೇ ಇಲ್ಲ. ಹೀಗೆ ಒಂದೇ ಲಾಗ್ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಣಿಸುತ್ತದೆ. ಈ ವಿಷಯದಲ್ಲಿ ಎಲ್ಲರೂ ನೋಡಿ ಕಲಿಯಬಹುದಾದದ್ದು ವಿಕಿಪೀಡಿಯ. ಕನ್ನಡವೂ ಸೇರಿ ಎಲ್ಲ ಭಾಷೆಗಳ ವಿಕಿಪೀಡಿಯ ಪುಟಗಳ ವೀಕ್ಷಣೆಯ ಲೆಕ್ಕವನ್ನು ಅದು ಸಾರ್ವಜನಿಕವಾಗಿ ಇಡುತ್ತದೆ. ಬಳಕೆದಾರರನ್ನು ಮತ್ತು ತಾವು ಬಾಟ್ ಎಂದು ಹೇಳಿಕೊಳ್ಳುವ ಯಂತ್ರಗಳನ್ನು ಬೇರೆ ಬೇರೆ ತೋರಿಸುತ್ತಿತ್ತು. 2020ರಲ್ಲಿ ಮೂರನೆಯ ವಿಭಾಗ ಸೇರಿಸಿತು: ಹಾಗೆ ಹೇಳಿಕೊಳ್ಳದಿದ್ದರೂ ನಡವಳಿಕೆಯಿಂದ ಯಂತ್ರವೆಂದು ತೋರುವ ಓಡಾಟ. ಮೊದಲು ಮನುಷ್ಯರ ಖಾತೆಯಲ್ಲಿದ್ದ ಒಂದು ಪಾಲು ಅಲ್ಲಿಂದ ಮುಂದೆ ಯಂತ್ರದ ಖಾತೆಗೆ ಹೋಯಿತು. ಓದುಗರೇನೂ ಕಡಿಮೆಯಾಗಲಿಲ್ಲ, ವ್ಯಾಖ್ಯೆ ಬದಲಾಯಿತು.

ಗೂಗಲ್ ಅನಾಲಿಟಿಕ್ಸ್ ದಾರಿ ಬೇರೆ. 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು ಗೂಗಲ್ ಅದೇ ವರ್ಷದ ನವೆಂಬರಿನಲ್ಲಿ ಈ ಸೇವೆಯನ್ನು ಶುರು ಮಾಡಿತು. ಇದು ಸರ್ವರಿನ ಲಾಗ್ ನೋಡುವುದಿಲ್ಲ. ಪುಟದೊಳಗೆ ಜಾವಾಸ್ಕ್ರಿಪ್ಟಿನ ಒಂದು ತುಣುಕನ್ನು ಸೇರಿಸಿರುತ್ತಾರೆ, ಓದುಗನ ಬ್ರೌಸರಿನಲ್ಲಿ ಅದು ಓಡಿ ಗೂಗಲ್‌ಗೆ ಸುದ್ದಿ ಮುಟ್ಟಿಸಿದರೆ ಮಾತ್ರ ಭೇಟಿ ದಾಖಲಾಗುತ್ತದೆ. ಹೆಚ್ಚಿನ ಬಾಟ್‌ಗಳು ಈ ತುಣುಕನ್ನು ಓಡಿಸುವುದಿಲ್ಲ, ಓಡಿಸುವ ಪರಿಚಿತ ಬಾಟ್‌ಗಳನ್ನು ಒಂದು ಪಟ್ಟಿ ಇಟ್ಟುಕೊಂಡು ಹೊರಗಿಡುತ್ತಾರೆ. ಆದ್ದರಿಂದ ಅಂಕಿ ಇಳಿಯುತ್ತದೆ. ಆದರೆ ಇಳಿದದ್ದೆಲ್ಲ ಬಾಟ್ ಅಲ್ಲ. ಜಾಹೀರಾತು ತಡೆಯುವ ಸಾಧನ ಹಾಕಿಕೊಂಡವರು, ಬ್ರೇವ್‌ನಂಥ ಬ್ರೌಸರ್ ಬಳಸುವವರು ನಿಜವಾದ ಓದುಗರಾಗಿದ್ದೂ ಇದರ ಕಣ್ಣಿಗೆ ಬೀಳುವುದಿಲ್ಲ. ನೆಟ್‌ವರ್ಕ್ ಮಂದವಿದ್ದ ಕಡೆ ಸುದ್ದಿಯ ಸಾಲುಗಳು ಮೊದಲು ಬಂದು ತುಣುಕು ಆಮೇಲೆ ಬರುತ್ತದೆ. ಅಷ್ಟರೊಳಗೆ ಓದುಗ ಪುಟ ಮುಚ್ಚಿದರೆ ಸರ್ವರಿನ ಲೆಕ್ಕದಲ್ಲಿ ಅವನು ಬಂದ, ಗೂಗಲ್ ಲೆಕ್ಕದಲ್ಲಿ ಬರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಯಾರನ್ನು ಎಣಿಸಬೇಕು ಎಂಬುದು. ಯಾವುದನ್ನು ಒಂದು ಎಂದು ಎಣಿಸಬೇಕು ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಊರಿನದೇ ಒಂದು ಉದಾಹರಣೆ ನೋಡೋಣ. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಕೆಜಿಎಫ್‌ನ ಸಾವಿರಾರು ಜನರ ದುಡಿಮೆ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬಂಗಾರಪೇಟೆ ಜಂಕ್ಷನ್ ದಾಟಿ ಬೆಂಗಳೂರಿಗೆ ಹೋಗಿ, ಅದೇ ದಾರಿಯಲ್ಲಿ ಮನೆಗೆ ಮರಳುವವರು ಇವರು. ಅವರಲ್ಲೊಬ್ಬರು ಬೆಳಿಗ್ಗೆ ರೈಲಿನಲ್ಲಿ ಫೇಸ್‌ಬುಕ್ ಒಳಗಿನಿಂದಲೇ ಒಂದು ಸುದ್ದಿ ತೆರೆಯುತ್ತಾರೆ, ಮುಕ್ಕಾಲು ಗಂಟೆಯ ಬಳಿಕ ಕೃಷ್ಣರಾಜಪುರದ ಹತ್ತಿರ ಕ್ರೋಮ್‌ನಲ್ಲಿ ಇನ್ನೊಂದನ್ನು ತೆರೆಯುತ್ತಾರೆ, ಮಧ್ಯಾಹ್ನ ಕಚೇರಿಯ ಕಂಪ್ಯೂಟರಿನಲ್ಲಿ ಮತ್ತೊಂದನ್ನು. ಓದುಗ ಒಬ್ಬರೇ. ಬ್ರೌಸರಿನಲ್ಲಿಡುವ ಕುಕಿ ಎಂಬ ಗುರುತುಚೀಟಿಯಿಂದ ಎಣಿಸುವ ಸಾಧನಕ್ಕೆ ಅವರು ಮೂವರು, ಏಕೆಂದರೆ ಫೇಸ್‌ಬುಕ್ ಒಳಗಿನ ಬ್ರೌಸರ್, ಕ್ರೋಮ್ ಮತ್ತು ಕಚೇರಿಯ ಕಂಪ್ಯೂಟರ್ ಬೇರೆ ಬೇರೆ ಚೀಟಿ ಇಟ್ಟುಕೊಳ್ಳುತ್ತವೆ. ಇಂಟರ್ನೆಟ್ ಸಂಪರ್ಕದ ಗುರುತಾದ ಐಪಿ ವಿಳಾಸದಿಂದ ಎಣಿಸುವ ಸಾಧನಕ್ಕೆ ಅವರು ಇಬ್ಬರಾಗಬಹುದು. ಮೊಬೈಲ್ ಕಂಪನಿ ಒಂದೇ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚಿದ್ದರೆ, ಅದೇ ಬೋಗಿಯ ಹಲವರ ಜೊತೆ ಸೇರಿ ಎಲ್ಲರೂ ಒಬ್ಬರೇ ಆಗಿಬಿಡಬಹುದು. ಆ್ಯಪಲ್‌ನ ಸಫಾರಿ ಬ್ರೌಸರ್ 2019ರಿಂದ ಸ್ಕ್ರಿಪ್ಟ್ ಇಟ್ಟ ಕುಕಿಯನ್ನು ಏಳು ದಿನಕ್ಕೆ ಅಳಿಸುತ್ತದೆ. ಹತ್ತು ದಿನಕ್ಕೊಮ್ಮೆ ಬರುವ ಐಫೋನ್ ಓದುಗ ಪ್ರತಿ ಸಲವೂ ಹೊಸಬನೇ.

‘ಭೇಟಿ’ ಎಂಬುದಕ್ಕೂ ಒಂದು ಅಳತೆಯಿಲ್ಲ. ಸಾಮಾನ್ಯವಾಗಿ 30 ನಿಮಿಷ ಚಟುವಟಿಕೆ ನಿಂತರೆ ಹಳೆಯ ಭೇಟಿ ಮುಗಿದು ಹೊಸದು ಶುರುವಾಗುತ್ತದೆ. ಈ 30 ನಿಮಿಷ ಯಾವ ಪ್ರಕೃತಿ ನಿಯಮವೂ ಅಲ್ಲ, ಬಳಕೆಯಲ್ಲಿ ನಿಂತುಹೋದ ಒಂದು ಒಪ್ಪಂದ. ಗೂಗಲ್‌ನ ಹಳೆಯ ಆವೃತ್ತಿ ಯೂನಿವರ್ಸಲ್ ಅನಾಲಿಟಿಕ್ಸ್ ಮಧ್ಯರಾತ್ರಿ ದಾಟಿದೊಡನೆ ಭೇಟಿಯನ್ನು ಎರಡಾಗಿ ಒಡೆಯುತ್ತಿತ್ತು. ಯಾರು ಬೇಕಾದರೂ ತಮ್ಮ ಸರ್ವರಿನಲ್ಲೇ ಹಾಕಿಕೊಳ್ಳಬಹುದಾದ ಮಟೋಮೊ ಎಂಬ ಸಾಧನ ಇಂದಿಗೂ ಒಡೆಯುತ್ತದೆ. 2020ರಲ್ಲಿ ಬಂದ ಗೂಗಲ್ ಅನಾಲಿಟಿಕ್ಸ್ 4 ಒಡೆಯುವುದಿಲ್ಲ. 2023ರ ಜುಲೈ 1ರಿಂದ ಗೂಗಲ್ ಹಳೆಯ ಆವೃತ್ತಿಯನ್ನು ನಿಲ್ಲಿಸುತ್ತ ಬಂದಾಗ ಜಗತ್ತಿನಾದ್ಯಂತ ತಾಣಗಳ ಅಂಕಿ ರಾತ್ರೋರಾತ್ರಿ ಬೇರೆಯಾಗಿ ಕಂಡದ್ದಕ್ಕೆ ಇಂಥ ಕಾರಣಗಳೇ ಇದ್ದವು. ಹಳೆಯದರಲ್ಲಿ ಒಬ್ಬ ಓದುಗ ಎಂಟು ನಿಮಿಷ ಕೂತು ಒಂದೇ ಲೇಖನವನ್ನು ಕೊನೆಯವರೆಗೆ ಓದಿ ಹೊರಟರೂ, ಎರಡನೇ ಪುಟ ತೆರೆಯಲಿಲ್ಲವೆಂದು ಅವನನ್ನು ‘ಬಂದವನೇ ಹಿಂತಿರುಗಿದ’ವರ ಪಟ್ಟಿಗೆ ಸೇರಿಸುತ್ತಿದ್ದರು. ಹೊಸದರಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಅದು ತೊಡಗಿಕೊಂಡ ಭೇಟಿ. ನನ್ನ ಮಟ್ಟಿಗೆ, ದೀರ್ಘ ಲೇಖನ ಪ್ರಕಟಿಸುವ ಕನ್ನಡದ ತಾಣಗಳಿಗೆ ಹಳೆಯ ವ್ಯಾಖ್ಯೆ ಮಾಡಿದ ಅನ್ಯಾಯ ಸಣ್ಣದಲ್ಲ. ಮನಸಿಟ್ಟು ಓದಿದವರನ್ನೇ ಅದು ಓದದವರೆಂದು ತೋರಿಸಿತು. ದಿನ ಎಂಬುದೂ ಎಲ್ಲರಿಗೂ ಒಂದೇ ಅಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್ ತನ್ನ ದಿನವಾರು ಲೆಕ್ಕವನ್ನು ಅಮೆರಿಕದ ಪೆಸಿಫಿಕ್ ಸಮಯಕ್ಕೆ ಹಿಡಿಯುತ್ತದೆ. ಅದರ ಹೊಸ ದಿನ ಶುರುವಾಗುವಾಗ ಬಂಗಾರಪೇಟೆಯಲ್ಲಿ ಮಧ್ಯಾಹ್ನ 12.30, ಅಮೆರಿಕದ ಚಳಿಗಾಲವಾದರೆ 1.30.

ತಿಂಗಳ ಓದುಗರ ಸಂಖ್ಯೆ ಎಂದು ದಿನದ ಓದುಗರನ್ನೆಲ್ಲ ಕೂಡಿ ಹೇಳುವ ಅಭ್ಯಾಸ ಇನ್ನೂ ಇದೆ. ಇದು ತಪ್ಪು ಎಂದು ತಿಳಿಯಲು ಬಂಗಾರಪೇಟೆಯ ರೈಲ್ವೆ ಪಾಸು ಸಾಕು. ಸೀಸನ್ ಪಾಸ್ ಇಟ್ಟುಕೊಂಡ ಒಬ್ಬರು ತಿಂಗಳಲ್ಲಿ 25 ದಿನ ಹೋಗಿ ಬಂದರೆ 50 ಪ್ರಯಾಣಗಳಾದವು, ದಿನದ ಪ್ರಯಾಣಿಕರ ಸಂಖ್ಯೆಗಳನ್ನು ಕೂಡಿದರೆ 25 ಜನ, ಕೌಂಟರಿನಲ್ಲಿ ಮಾರಾಟವಾದದ್ದು ಒಂದು ಪಾಸು. 50, 25, 1 – ಮೂರೂ ಸರಿ. ಪ್ಲಾಟ್‌ಫಾರ್ಮ್ ಎಷ್ಟು ಅಗಲ ಬೇಕೆಂದು ನಿರ್ಧರಿಸುವವರಿಗೆ ಮೊದಲನೆಯದು ಬೇಕು, ಎಷ್ಟು ಮನೆಗಳು ಈ ರೈಲನ್ನು ನಂಬಿವೆ ಎಂದು ಕೇಳುವವರಿಗೆ ಕೊನೆಯದು. ಜಾಲತಾಣಗಳ ವಿಷಯದಲ್ಲಿ ಪುಟವೀಕ್ಷಣೆ, ಭೇಟಿ, ಓದುಗ ಎಂಬ ಮೂರು ಬೇರೆ ಮಾತುಗಳಿದ್ದರೂ ‘ಹಿಟ್ಸ್’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಕಲಸಿ ಹೇಳುತ್ತಾರೆ. ಒಂದು ಪುಟ ತೆರೆದಾಗ ಅದರಲ್ಲಿನ ಪ್ರತಿ ಚಿತ್ರಕ್ಕೂ ಸರ್ವರಿನಲ್ಲಿ ಒಂದೊಂದು ಹಿಟ್ ಬೀಳುತ್ತದೆ ಎಂಬುದು ಗೊತ್ತಿದ್ದವರು ಆ ಪದವನ್ನು ಜಾಹೀರಾತಿನ ಮಾತುಕತೆಯಲ್ಲಿ ಬಳಸಬಾರದು.

ಕೆಜಿಎಫ್‌ನಂಥ ಊರಿಗೆ ಇವೆಲ್ಲಕ್ಕಿಂತ ಹೆಚ್ಚು ಹೊಡೆತ ಬೀಳುವುದು ಸ್ಥಳದ ಲೆಕ್ಕದಲ್ಲಿ. ಓದುಗ ಯಾವ ಊರಿನವನು ಎಂದು ಈ ಸಾಧನಗಳು ಕೇಳುವುದಿಲ್ಲ, ಐಪಿ ವಿಳಾಸ ನೋಡಿ ಊಹಿಸುತ್ತವೆ. ಮೊಬೈಲ್ ಇಂಟರ್ನೆಟ್ಟಿನ ವಿಳಾಸಗಳು ಕಂಪನಿಯ ದೊಡ್ಡ ಕೇಂದ್ರಕ್ಕೆ ಜೋಡಣೆಯಾಗಿರುವುದರಿಂದ ರಾಬರ್ಟ್‌ಸನ್‌ಪೇಟೆಯಲ್ಲಿ ಮನೆಯ ಜಗಲಿಯ ಮೇಲೆ ಕೂತು ಓದಿದವರೂ ಬೆಂಗಳೂರಿನವರಾಗಿ ದಾಖಲಾಗುವುದು ಸಾಮಾನ್ಯ. ಆಂಧ್ರ, ತಮಿಳುನಾಡುಗಳ ಗಡಿ ಹತ್ತಿರವೇ ಇರುವುದರಿಂದ ಬೇರೆ ರಾಜ್ಯದ ಖಾತೆಗೆ ಹೋಗುವ ಸಾಧ್ಯತೆಯೂ ಇದೆ. ಭಾಷೆಯ ಲೆಕ್ಕವನ್ನೂ ಬ್ರೌಸರಿನ ಸೆಟ್ಟಿಂಗಿನಿಂದ ತೆಗೆಯುತ್ತಾರೆ. ತಮಿಳು, ತೆಲುಗು, ಕನ್ನಡ ಮೂರೂ ಮಾತಾಡುವ ಊರಿನಲ್ಲಿ ಫೋನ್ ಇಂಗ್ಲಿಷಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಇಂಗ್ಲಿಷಿನವರು. ಇದರ ಮೇಲೆ 2018ರ ಡಿಸೆಂಬರಿನಲ್ಲಿ ಮತ್ತು 2022ರ ಏಪ್ರಿಲ್ 14ರಂದು ಬಿಡುಗಡೆಯಾದ ‘ಕೆಜಿಎಫ್’ ಚಿತ್ರದ ಎರಡು ಭಾಗಗಳು ಆ ಮೂರಕ್ಷರದ ಅರ್ಥವನ್ನೇ ಇಂಟರ್ನೆಟ್ಟಿನಲ್ಲಿ ಬದಲಿಸಿದವು. ಚಿತ್ರ ಹುಡುಕುತ್ತ ಊರಿನ ಪುಟಕ್ಕೆ ಬಂದು ಮರುಕ್ಷಣ ಹೊರಟವರು ಸರ್ವರಿನ ಲೆಕ್ಕದಲ್ಲಿ ಪೂರ್ಣ ಭೇಟಿ, ಹೊಸ ಅನಾಲಿಟಿಕ್ಸ್‌ನಲ್ಲಿ ತೊಡಗಿಕೊಳ್ಳದ ಭೇಟಿ. ಗೂಗಲ್ ಟ್ರೆಂಡ್ಸ್ ಅಂತೂ ಸಂಖ್ಯೆಯನ್ನೇ ಕೊಡುವುದಿಲ್ಲ, ಅತಿ ಹೆಚ್ಚು ಹುಡುಕಿದ ಹೊತ್ತನ್ನು 100 ಎಂದಿಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸುತ್ತದೆ. ಇನ್ನು ಸಿಮಿಲರ್‌ವೆಬ್‌ನಂಥ ಕಂಪನಿಗಳು ತಮಗೆ ಸಿಗುವ ಮಾದರಿ ಬಳಕೆದಾರರ ಮಾಹಿತಿ ಮತ್ತಿತರ ಮೂಲಗಳಿಂದ ಇಡೀ ಇಂಟರ್ನೆಟ್ಟನ್ನು ಅಂದಾಜಿಸುತ್ತವೆ. ದೊಡ್ಡ ತಾಣಗಳಿಗೆ ಅದು ಹೊಂದಬಹುದು. ಒಂದು ತಾಲ್ಲೂಕಿನ ಓದುಗರು ಅಂಥ ಮಾದರಿಯಲ್ಲಿ ಬೆರಳೆಣಿಕೆಯಷ್ಟೂ ಇರಲಿಕ್ಕಿಲ್ಲ. ಅಲೆಕ್ಸಾ ಎಂಬ ಶ್ರೇಯಾಂಕ ಪಟ್ಟಿಯನ್ನು ಎರಡು ದಶಕ ಜನ ಪ್ರಮಾಣವೆಂದು ತೋರಿಸಿಕೊಂಡರು. 2022ರ ಮೇ 1ರಂದು ಅಮೆಜಾನ್ ಅದನ್ನು ಮುಚ್ಚಿತು.

ಇಲ್ಲೊಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಎಲ್ಲವೂ ವ್ಯಾಖ್ಯೆಯ ಭೇದ ಎಂದುಬಿಟ್ಟರೆ ಉಬ್ಬಿಸಿ ಹೇಳುವವರಿಗೆ ತಪ್ಪಿಸಿಕೊಳ್ಳಲು ದಾರಿಯಾಗದೇ? ಉಬ್ಬಿದ ಅಂಕಿ ಇರುವುದು ನಿಜ. 2016ರಲ್ಲಿ ಫೇಸ್‌ಬುಕ್ ತಾನು ಎರಡು ವರ್ಷ ವಿಡಿಯೊಗಳ ಸರಾಸರಿ ವೀಕ್ಷಣಾ ಅವಧಿಯನ್ನು ಹೆಚ್ಚಾಗಿ ತೋರಿಸಿದ್ದಾಗಿ ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಸರಾಸರಿಯ ಲೆಕ್ಕದಿಂದಲೇ ಬಿಟ್ಟಿದ್ದರಿಂದ ಹಾಗಾಗಿತ್ತು. ಆದರೆ ಈ ತಪ್ಪು ಹೊರಬಿದ್ದದ್ದು ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು ಎಂಬುದು ಗೊತ್ತಾದಾಗಲೇ. ವ್ಯಾಖ್ಯೆಯನ್ನು ಕೇಳುವುದರಿಂದ ಮೋಸಕ್ಕೆ ರಕ್ಷಣೆ ಸಿಗುವುದಿಲ್ಲ, ಮೋಸ ಬಯಲಾಗುವುದೇ ಅದರಿಂದ. ಎರಡು ಸಾಧನಗಳ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೆ ಅದು ವ್ಯಾಖ್ಯೆಯ ಅಂತರ. ಒಂದು ವಾರ ಇದ್ದಕ್ಕಿದ್ದಂತೆ ಸರ್ವರಿನ ಅಂಕಿ ನಾಲ್ಕು ಪಟ್ಟಾಗಿ ಇನ್ನೊಂದು ಅಲ್ಲೇ ನಿಂತರೆ ಬಾಟ್ ಬಂದಿದೆ, ಇಲ್ಲವೇ ಯಾರೋ ಏನೋ ಮಾಡಿದ್ದಾರೆ. ಒಂದೇ ಸಾಧನವಿದ್ದಿದ್ದರೆ ಈ ಸುಳಿವು ಸಿಗುತ್ತಿರಲಿಲ್ಲ.

ಕೆಜಿಎಫ್‌ನ ಎರಡನೆಯ ದೊಡ್ಡ ಪ್ರಯೋಗ ಇದಕ್ಕೆ ಬಲವಾದ ಉದಾಹರಣೆ. ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು 1980ರಲ್ಲಿ 2.3 ಕಿ.ಮೀ. ಆಳದಲ್ಲಿ 140 ಟನ್ ತೂಕದ ಕಬ್ಬಿಣದ ಉಪಕರಣವನ್ನು ಇಟ್ಟರು. ಪ್ರೋಟಾನ್ ಒಡೆದದ್ದಿರಬಹುದು ಎನ್ನಬಹುದಾದ ಕೆಲವು ಘಟನೆಗಳು ದಾಖಲಾಗಿವೆ ಎಂದು ತಂಡ ವರದಿ ಮಾಡಿತು. ಅಮೆರಿಕದ ಓಹಿಯೋದಲ್ಲಿ ಉಪ್ಪಿನ ಗಣಿಯೊಳಗೆ ಸಾವಿರಾರು ಟನ್ ನೀರು ತುಂಬಿ ಮಾಡಿದ ಐಎಂಬಿ ಪ್ರಯೋಗಕ್ಕೆ ನಿರೀಕ್ಷಿಸಿದ ಘಟನೆಗಳು ಕಾಣಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ನ್ಯೂಟ್ರಿನೊ ಬಂದು ಬಡಿದಾಗಲೂ ಉಪಕರಣದಲ್ಲಿ ಹೆಚ್ಚುಕಡಿಮೆ ಅಂಥದೇ ಗುರುತು ಮೂಡುತ್ತದೆ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದೇ ಇಡೀ ಸಮಸ್ಯೆ. ಆ ಮೇಲಿನ ದೊಡ್ಡ ಉಪಕರಣಗಳೂ ಪ್ರೋಟಾನ್ ಒಡೆದದ್ದನ್ನು ಕಂಡಿಲ್ಲ, ಆದ್ದರಿಂದ ಕೆಜಿಎಫ್ ಘಟನೆಗಳು ನ್ಯೂಟ್ರಿನೊಗಳವೇ ಇರಬೇಕೆಂದು ವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುತ್ತಾರೆ. ಎರಡು ಎಣಿಕೆಗಳ ವಿರೋಧದಿಂದ ಪ್ರಯೋಗಗಳಿಗೆ ಅವಮಾನವಾಗಲಿಲ್ಲ, ತಿಳಿವಳಿಕೆ ಮುಂದೆ ಹೋಯಿತು. ಏಕೆಂದರೆ ಎರಡೂ ಕಡೆಯವರು ತಾವು ಏನನ್ನು ಎಣಿಸಿದೆವು, ಯಾವುದನ್ನು ಗದ್ದಲವೆಂದು ಬಿಟ್ಟೆವು ಎಂದು ಬರೆದಿಟ್ಟಿದ್ದರು.

ಇನ್ನೊಂದು ಆಕ್ಷೇಪವೂ ಉಂಟು: ಪತ್ರಿಕೆಗಳಿಗೆ 1948ರಿಂದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಶನ್ಸ್ ಇರುವಂತೆ ಜಾಲತಾಣಗಳಿಗೂ ಎಲ್ಲರೂ ಒಪ್ಪುವ ಒಂದೇ ಸಾಧನ ಏಕಿರಬಾರದು? ಇದ್ದರೆ ಒಳ್ಳೆಯದೇ, ತಾಣದಿಂದ ತಾಣಕ್ಕೆ ಹೋಲಿಕೆ ಸುಲಭವಾಗುತ್ತದೆ. ಆದರೆ ಪತ್ರಿಕೆಗಳ ಲೋಕದಲ್ಲೂ ಒಂದೇ ಅಂಕಿ ಇರಲಿಲ್ಲ. ಆ ಬ್ಯೂರೋ ಮಾರಾಟವಾದ ಪ್ರತಿಗಳನ್ನು ಎಣಿಸುತ್ತದೆ, ಇಂಡಿಯನ್ ರೀಡರ್‌ಶಿಪ್ ಸರ್ವೆ ಓದುವ ಜನರನ್ನು ಎಣಿಸುತ್ತಿತ್ತು. ಕ್ಷೌರದಂಗಡಿಗೆ ಬಂದ ಒಂದು ಪ್ರತಿಯನ್ನು ಮೂವತ್ತು ಜನ ಓದಿದರೆ ಎರಡರ ನಡುವೆ ಮೂವತ್ತು ಪಟ್ಟು ಅಂತರ, ಆದರೂ ಎರಡೂ ಸರಿ. ಒಂದೇ ಸಾಧನ ಬಂದರೂ ಅದರ ಕುರುಡು ಎಲ್ಲ ಓದುಗರ ಮೇಲೆ ಸಮನಾಗಿ ಬೀಳುವುದಿಲ್ಲ. ಜಾಹೀರಾತು ತಡೆಯುವವರು ಹೆಚ್ಚಿರುವ ತಂತ್ರಜ್ಞಾನದ ತಾಣ ಒಂದು ಬಗೆಯಲ್ಲಿ ಕಳೆದುಕೊಳ್ಳುತ್ತದೆ, ಮಂದ ನೆಟ್‌ವರ್ಕಿನ ಹಳ್ಳಿಯ ಓದುಗರಿರುವ ತಾಣ ಇನ್ನೊಂದು ಬಗೆಯಲ್ಲಿ. ಸರಿಯಾದ ದಾರಿ ಎಂದರೆ ಒಂದು ತಾಣ ತನ್ನ ಒಂದು ಸಾಧನವನ್ನು ಹಿಡಿದು ಅದರಲ್ಲೇ ತಿಂಗಳಿಂದ ತಿಂಗಳಿಗೆ ಏರಿಳಿತ ನೋಡುವುದು, ಇನ್ನೊಂದನ್ನು ಕಾವಲಿಗೆ ಇಟ್ಟುಕೊಳ್ಳುವುದು.

ಹಣದ ಪ್ರಶ್ನೆ ಬಂದಾಗ ಇದು ಕೇವಲ ಲೆಕ್ಕದ ಮಾತಾಗಿ ಉಳಿಯುವುದಿಲ್ಲ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಡಿಜಿಟಲ್ ಜಾಹೀರಾತು ನೀತಿಯನ್ನು ಪ್ರಕಟಿಸಿತು. ಸರ್ಕಾರಿ ಜಾಹೀರಾತು ಯಾರಿಗೆ, ಎಷ್ಟು ಎಂಬುದಕ್ಕೆ ಬಳಕೆದಾರರ ಸಂಖ್ಯೆ ಮಾನದಂಡವಾದರೆ ವ್ಯಾಖ್ಯೆಯೇ ಅನುದಾನವಾಗುತ್ತದೆ. ಊರಿನ ಓದುಗರು ಬೆಂಗಳೂರಿನ ಖಾತೆಗೆ ಹೋದರೆ ಸಂಪಾದಕರು ಬೆಂಗಳೂರಿನ ಸುದ್ದಿಯನ್ನೇ ಹೆಚ್ಚು ಹಾಕುವ ಅಪಾಯವೂ ಇದೆ. ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ದಿನವೂ ಬೆಂಗಳೂರಿಗೆ ಹೋಗಿ ಮಲಗಲು ಊರಿಗೆ ಬರುವವರನ್ನು ಓದುಗರ ಲೆಕ್ಕದಲ್ಲೂ ಊರಿನಿಂದ ಕಳೆಯುವುದು ತಪ್ಪು. ಆದ್ದರಿಂದ ಬಂಗಾರಪೇಟೆ, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಯ ವ್ಯಾಪಾರಿಗಳಲ್ಲಿ ಒಂದು ವಿನಂತಿ: ಜಾಹೀರಾತು ಕೊಡುವ ಮುನ್ನ ಸಂಖ್ಯೆಯ ಜೊತೆಗೆ ಸಾಧನದ ಹೆಸರು, ಅದು ಓದುಗರ ಸಂಖ್ಯೆಯೋ ಭೇಟಿಯದೋ ಪುಟವೀಕ್ಷಣೆಯದೋ, ಬಾಟ್‌ಗಳನ್ನು ತೆಗೆದಿದ್ದಾರೋ ಇಲ್ಲವೋ ಎಂಬುದನ್ನು ಬರಹದಲ್ಲಿ ಕೇಳಿ. ತಾಣ ನಡೆಸುವವರು ಅದನ್ನು ಕೇಳುವ ಮೊದಲೇ ತಮ್ಮ ಪುಟದಲ್ಲಿ ಪ್ರಕಟಿಸಲಿ, ಮತ್ತು ನೀವು ಯಾವ ಊರಿನವರು ಎಂಬ ಪ್ರಶ್ನೆಯನ್ನು ಐಪಿ ವಿಳಾಸಕ್ಕೆ ಬಿಡದೆ ವರ್ಷಕ್ಕೊಮ್ಮೆ ಓದುಗರನ್ನೇ ಕೇಳಲಿ.